ಬೆಸುಗೆ ಮೇಷ್ಟ್ರ ಕಾರು

"ಇದು ಏಳನೇ ಗ್ಯಾರೇಜು," ಎನ್ನುತ್ತ ಮುದುಕ ಕಾರಿನ ಕೀಲಿಯನ್ನು ಮೇಜಿನ ಮೇಲೆ ಎಸೆದ. "ಆರು ಜನ ನೋಡಿ ಆಯ್ತು. ನಿನ್ನ ಕೈಲಿ ಆಗುತ್ತಾ, ಇಲ್ಲಾ ವಾಪಸ್ ತಗೊಂಡು ಹೋಗ್ಲಾ?"

ಅವಳು ತಲೆ ಎತ್ತಿದಳು.

ಬೆಸುಗೆ ಮೇಷ್ಟ್ರು.

ತರಬೇತಿ ಸಂಸ್ಥೆಯಲ್ಲಿ ಅವನಿಗಿದ್ದ ಹೆಸರು ಅದು. ಎರಡು ತಂತಿ ಸೇರಿದ ಕಡೆ ಬೆಸುಗೆ ಹೊಳೆಯದಿದ್ದರೆ ಸೊನ್ನೆ. ಹತ್ತು ವರ್ಷದ ಹಿಂದೆ, ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ, ಅವಳು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ತಂತಿಗಳನ್ನು ಬೆಸೆದಿರಲಿಲ್ಲ. ಪುಟ್ಟ ಲೋಹದ ಕೊಳವೆಯೊಳಗೆ ತೂರಿಸಿ ಇಕ್ಕಳದಿಂದ ಅದುಮಿದ್ದಳು. "ಸರ್, ಈ ಸೆನ್ಸರ್ ತಂತಿಯ ಎಳೆಗಳ ಸಂದಿಯಿಂದಲೇ ಹೊರಗಿನ ಗಾಳಿ ಎಳ್ಕೊಳ್ಳುತ್ತೆ. ಬೆಸುಗೆ ತುಂಬಿದ್ರೆ ಉಸಿರು ಕಟ್ಟುತ್ತೆ" ಎಂದಿದ್ದಳು.

"ತಂತಿಗೂ ಮೂಗಿದೆಯಾ?" ಎಂದು ಕೇಳಿ, ಕೊಠಡಿಯೆಲ್ಲ ನಗುತ್ತಿರುವಾಗಲೇ ಅವನು ಕೆಂಪು ಗೀಟು ಎಳೆದಿದ್ದ. ಹಾಗೇ ಅದುಮಿದ್ದ ಹಿಂದಿನ ಮೇಜಿನ ಲಂಬೂಗೂ, ಇನ್ನು ಕೆಲವರಿಗೂ ಅದೇ ಗತಿಯಾಯಿತು.

ಪ್ರಮಾಣಪತ್ರ ಸಿಗಲಿಲ್ಲ. ಈ ಗ್ಯಾರೇಜಿನಲ್ಲಿ ಕೆಲಸ ಅವಳದು, ಸಹಿ ಚಿಕ್ಕಪ್ಪನದು. "ಇನ್ನೊಂದು ದೂರು ಬಂದ್ರೆ ಪಾಸಾದವರನ್ನೇ ತಂದು ಕೂರಿಸ್ಬೇಕಾಗುತ್ತೆ ಕಣಮ್ಮಾ, ಬೇಜಾರು ಮಾಡ್ಕೋಬೇಡ" ಎಂದು ಚಿಕ್ಕಪ್ಪ ಹೋದ ವಾರವಷ್ಟೇ ಹೇಳಿದ್ದ.

ಮುದುಕನ ಮುಖದಲ್ಲಿ ಗುರುತು ಹಿಡಿದ ಲಕ್ಷಣವಿರಲಿಲ್ಲ. ಮರೆತಿದ್ದ. ಒಬ್ಬರ ಬದುಕಿಗೆ ಗೀಟು ಎಳೆದು ಮರೆತುಬಿಡುವುದು ಎಷ್ಟು ಸಲೀಸು. ಅವಳು ಮಾತ್ರ ಮನಸ್ಸಿನಲ್ಲಿ ಅವನನ್ನು ಏಕವಚನದಲ್ಲೇ ಇಟ್ಟಿದ್ದಳು. ಇಷ್ಟು ವರ್ಷ ಕೈಗೆ ಸಿಕ್ಕ ಸೇಡು ಅದೊಂದೇ.

"ನೀವು ಅಂತ ಮಾತಾಡಿ," ಎಂದಳು. "ನಾನೇನು ನಿಮ್ಮನೆ ಹುಡುಗಿಯಲ್ಲ."

"ಮೊದಲು ಕೆಲಸ ನೋಡು."

ಸೈಲೆನ್ಸರಿನ ಬಾಯಿಗೆ ಬೆರಳಿಟ್ಟಳು. ಕಪ್ಪು ಮಸಿ. ಇಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿತ್ತು. ಸೆನ್ಸರ್ ಮಾತ್ರ ಪೆಟ್ರೋಲ್ ಸಾಲದು, ಸಾಲದು ಎಂದು ಸುಳ್ಳು ಹೇಳುತ್ತಿತ್ತು. ಸೆನ್ಸರಿಗೆ ಜೋಡಿಸಿದ ಮೀಟರಿನ ಅಂಕಿ ಸೊನ್ನೆಯ ಹತ್ತಿರ ಕಲ್ಲಾಗಿ ಕೂತಿತ್ತು.

ಮುದುಕ ಅವಳ ಹೆಗಲ ಹಿಂದೆಯೇ ನಿಂತ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸೆನ್ಸರ್ ಹೋಗಿರ್ಬೇಕು," ಎಂದ.

"ಅದನ್ನ ಆಮೇಲೆ ಹೇಳ್ತೀನಿ."

"ಫ್ಯೂಸ್?"

"ಸರಿಯಾಗಿದೆ."

"ಸೆನ್ಸರ್ ಬಿಸಿ ಮಾಡೋ ಹೀಟರ್?"

"ಹನ್ನೆರಡು ವೋಲ್ಟ್ ಬರ್ತಿದೆ. ಹೀಟರ್ ಸುಟ್ಟಿಲ್ಲ."

"ಮತ್ತೆ ಹುಡುಕ್ತಿರೋದು ಏನು, ಕಳೆದುಹೋದ ಕಿವಿಯೋಲೆನಾ?"

ಅವಳು ಕಾರಿನಡಿ ಸರಿದು ತಂತಿಯನ್ನು ಬೆರಳಿನಲ್ಲಿ ಸವರುತ್ತ ಹೋದಳು. ಒಂದು ಕಡೆ ಗಟ್ಟಿಯಾಯಿತು. ಮೇಲಿನ ಪ್ಲಾಸ್ಟಿಕ್ ಕವಚ ಸೀಳಿದಳು. ನಾಲ್ಕು ತಂತಿ, ನಾಲ್ಕು ಬೆಸುಗೆ. ಕನ್ನಡಿಯ ಹಾಗೆ ಹೊಸದಾಗಿ ಹೊಳೆಯುತ್ತಿದ್ದವು. ತಂತಿಯೂ ಇರಬೇಕಾದ ಉದ್ದ ಇರಲಿಲ್ಲ. ಯಾರೋ ಮೇಲಿಂದ ಮೇಲೆ ಕತ್ತರಿಸಿ ಮೋಟು ಮಾಡಿದಂತಿತ್ತು.

ಆ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಹೊರಗೆ ಬಂದು ಕೇಳಿದಳು. "ಯಾವ ಬುದ್ಧಿವಂತ ಮಾಡಿದ್ದು ಇದನ್ನ?"

"ನಾನೇ."

"ಹಾಗಾದ್ರೆ ಸೆನ್ಸರ್ ಕೆಟ್ಟಿಲ್ಲ. ನೀವೇ ಅದರ ಕತ್ತು ಹಿಸುಕಿದ್ದೀರಿ."

"ಬಾಯಲ್ಲಿ ಬೇಡ. ತೋರಿಸು."

ತೋರಿಸಿದಳು. ನಾಲ್ಕೂ ಬೆಸುಗೆಗಳನ್ನು ಕತ್ತರಿಸಿ ಅವನ ಕಾಲ ಬಳಿ ಬೀಳಲು ಬಿಟ್ಟಳು. ಕೊಳವೆ ತೂರಿಸಿದಳು, ಅದುಮಿದಳು. ಇಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟಳು. ಆಮೇಲೆ ಮೀಟರಿನ ಅಂಕಿ ಅಲುಗಿತು, ಏರಿತು, ಇಳಿಯಿತು, ಮತ್ತೆ ಏರಿತು. ಮುಳುಗಿದವನು ನೀರಿನಿಂದ ಮೇಲೆದ್ದು ಏದುಸಿರು ಬಿಟ್ಟ ಹಾಗೆ.

ಮುದುಕ ಆ ಅಂಕಿಯನ್ನೇ ಬಹಳ ಹೊತ್ತು ನೋಡಿದ. ತಪ್ಪಾಯಿತು ಎನ್ನುತ್ತಾನೇನೋ ಎಂದು ಕಾದಳು. ಅವನು ಚೀಲದಿಂದ ಬಿಳಿ ಹಾಳೆಯೊಂದನ್ನು ತೆಗೆದು ಬಾನೆಟ್ಟಿನ ಮೇಲಿಟ್ಟ.

"ಏನು ದೋಷ, ಯಾಕೆ ಬಂತು, ಹೇಗೆ ಸರಿ ಮಾಡಿದೆ, ಎಲ್ಲಾ ಬರಿ. ಕೆಳಗೆ ಸಹಿ ಹಾಕು."

"ಸಹಿ ಚಿಕ್ಕಪ್ಪ ಹಾಕ್ತಾರೆ."

"ಕೆಲಸ ಮಾಡಿದ ಕೈಯೇ ಹಾಕ್ಬೇಕು."

ಓಹೋ, ದೂರು ಕೊಡಲು ದಾಖಲೆ. ಪಾಸಾಗದವಳು ಸಹಿ ಹಾಕಿದ ಹಾಳೆ ಒಂದು ಸಿಕ್ಕರೆ ಸಾಕು, ಚಿಕ್ಕಪ್ಪ ಮರುದಿನವೇ ಬೇರೆಯವರನ್ನು ಹುಡುಕುತ್ತಾನೆ. ಹಾಳೆಯನ್ನು ಹರಿದು ಬಿಸಾಡಬಹುದಿತ್ತು. ಆದರೆ ಹತ್ತು ವರ್ಷದ ಹಿಂದೆ ಅರ್ಧಕ್ಕೆ ನಿಂತ ಮಾತು ಗಂಟಲಲ್ಲಿ ಇನ್ನೂ ಹಾಗೆಯೇ ಇತ್ತು. ಹೋದರೆ ಕೆಲಸ ಹೋಗಲಿ. ಪೆನ್ನು ಒತ್ತಿ ಒತ್ತಿ ಬರೆದಳು: 'ಬೆಸುಗೆ ಹಾಕಿದ್ದೇ ತಪ್ಪು. ಇದನ್ನು ಕಲಿಸಿದವರದ್ದೂ ತಪ್ಪು.' ಸಹಿ ಹಾಕಿದಳು.

ಅವನು ಎರಡು ಸಲ ಓದಿದ. ಮಡಚದೆ ಫೈಲಿನಲ್ಲಿಟ್ಟುಕೊಂಡ.

"ಬರ್ತೀನಿ," ಎಂದ. "ನೀವು ಕೈ ತೊಳ್ಕೊಳ್ಳಿ."

ಕಾರು ತಿರುವು ದಾಟುವ ಮೊದಲೇ ಅವಳು ಲಂಬೂಗೆ ಫೋನು ಮಾಡಿದ್ದಳು. ಊರಿನ ಆ ತುದಿಯಲ್ಲಿ ಅವನದೂ ಇಂಥದೇ ಬದುಕು, ಬೇರೆಯವರ ಸಹಿಯ ಕೆಳಗೆ.

"ಯಾರು ಬಂದಿದ್ರು ಹೇಳು. ಬೆಸುಗೆ ಮೇಷ್ಟ್ರು. ಅವನ ಕಾರಿಗೆ ಅವನೇ ಬೆಸುಗೆ ಹಾಕ್ಕೊಂಡಿದ್ದ. ಕತ್ತರಿಸಿ ಬಿಸಾಕಿ, ನೀನು ಕಲಿಸಿದ್ದೇ ತಪ್ಪು ಅಂತ ಬರೆದು ಕೈಗೆ ಕೊಟ್ಟೆ. ನಾಳೆ ನನ್ನ ಕೆಲಸ ಇರುತ್ತೋ ಇಲ್ವೋ, ಗೊತ್ತಿಲ್ಲ."

ಆ ಕಡೆ ಲಂಬು ನಿಧಾನವಾಗಿ ಹೇಳಿದ. "ಹೋದ ತಿಂಗಳು ಅದೇ ಕಾರಿನ ನಾಲ್ಕೂ ಬೆಸುಗೆ ಕತ್ತರಿಸಿ, ಅದುಮಿ ಕಳಿಸಿದ್ದು ನಾನು. ನನ್ನ ಕೈಲೂ ಬರೆಸ್ಕೊಂಡ್ರು. ನಿನ್ನೆ ಸಂಸ್ಥೆಯಿಂದ ನನ್ನ ಪ್ರಮಾಣಪತ್ರ ಬಂತು ಕಣೇ."

"ನನಗ್ಯಾಕೆ ಹೇಳ್ಲಿಲ್ಲ?"

"ಮೇಷ್ಟ್ರು ಹೇಳ್ಬೇಡ ಅಂದಿದ್ರು. ಫೇಲಾದವರು ಇನ್ನೂ ಇಬ್ಬರು ಉಳಿದಿದ್ದಾರಂತೆ. ಪ್ರಶ್ನೆಪತ್ರಿಕೆ ಲೀಕ್ ಆಗ್ಬಾರ್ದಲ್ಲ."