ಎರಡು ದಿನದ ನಿಯಮ

ಅಕ್ಕಿ ಗಿರಣಿಯ ದೂರುಗಳೆಲ್ಲ ಕಂಪ್ಯೂಟರಿನಲ್ಲಿ ತಾವಾಗಿಯೇ ಸಾಗುವಂತೆ ಮಾಡಿದವನು ಅಮರೇಶ. ದುರಸ್ತಿಯಾಯಿತೆಂದು ಗಿರಣಿಯ ಸಾಹುಕಾರರು ತಮ್ಮ ಮೊಬೈಲಿನಲ್ಲಿ ಗುಂಡಿ ಒತ್ತಿದರೆ, ದೂರು ಕೊಟ್ಟವನ ಮೊಬೈಲಿಗೆ ‘ಸರಿಯಾಯಿತೇ?’ ಎಂಬ ಪ್ರಶ್ನೆ ಹೋಗುತ್ತಿತ್ತು. ಎರಡು ದಿನ ಉತ್ತರ ಬಾರದಿದ್ದರೆ ದೂರು ತಾನೇ ಅಳಿಸಿಹೋಗುತ್ತಿತ್ತು.

ಬಾಯ್ಲರ್ ಸಿಡಿದು, ಅದನ್ನು ನೋಡಿಕೊಳ್ಳುತ್ತಿದ್ದ ಮೌನೇಶಪ್ಪ ಸತ್ತ ಮರುದಿನ ಸಾಹುಕಾರರು ಅಮರೇಶನನ್ನು ಕರೆಸಿದರು.

“ವಾಲ್ವ್ ಕೆಟ್ಟೈತಿ ಅಂತ ಅವ ಹೋದ ವಾರ ದೂರು ಹಾಕ್ಯಾನಲ್ಲ, ಅದನ್ನ ಅಳಿಸಿಬಿಡು ತಮ್ಮಾ.”

“ಅಳಸೂದಿಲ್ರೀ ಸಾಹುಕಾರ್ರ. ಅವನ ಹೆಂಡ್ತಿಗೆ ಉಳದಿರೋ ಸಾಕ್ಷಿ ಅದೊಂದ.”

“ನೌಕರಿ ಬ್ಯಾಡೇನು?”

“ಹೋದ್ರ ಹೋಗ್ಲಿ ಬಿಡ್ರಿ.”

ಸಾಹುಕಾರರು ಮೊಬೈಲಿನಲ್ಲಿ ಏನನ್ನೋ ಒತ್ತಿ, “ಆತಪ್ಪ, ನೀ ಏನೂ ಮುಟ್ಟಬ್ಯಾಡ. ಹೆಂಗೈತೋ ಹಂಗ ಇರ್ಲಿ,” ಎಂದರು.

ಇಷ್ಟು ಬೇಗ ಸೋತರಲ್ಲ ಎಂದು ಅಮರೇಶನಿಗೆ ಅಚ್ಚರಿಯಾಯಿತು. ಎದೆ ಹಗುರಾಯಿತು.

ನಾಲ್ಕನೆಯ ದಿನ ತನಿಖೆಯ ಅಧಿಕಾರಿ ಬಂದರು. ಬಾಗಿಲ ಬಳಿ ಮೌನೇಶಪ್ಪನ ಹೆಂಡತಿ ನಿಂತಿದ್ದಳು. ಅಮರೇಶ ತಾನೇ ಮುಂದೆ ಬಂದು ದೂರಿನ ಸಂಖ್ಯೆ ಒತ್ತಿದ.

ಪರದೆಯ ಮೇಲೆ ಒಂದೇ ಸಾಲಿತ್ತು: ‘ದೂರು ಅಳಿಸಲಾಗಿದೆ. ಕಾರಣ: ಮೌನೇಶಪ್ಪ ಉತ್ತರಿಸಲಿಲ್ಲ.’