ಉಪ್ಪುನೀರಿನ ಪಟ್ಟಿ

“ಬ್ಯಾಟರಿ ಬಚ್ಚಿಟ್ಟು ಮೋಸ ಮಾಡ್ತೀಯಾ?” ಎಂದು ಹೊಸನಗರದ ವಿಜ್ಞಾನ ಮೇಳದಲ್ಲಿ ತೀರ್ಪುಗಾರರು ಕೇಳಿದಾಗ ಸುತ್ತಲಿದ್ದವರು ನಕ್ಕರು. ಲಿಖಿತಾಳ ಮೇಜಿನ ಮೇಲೆ ದ್ರಾವಣ ತುಂಬಿದ ನಾಲ್ಕು ಗಾಜಿನ ಲೋಟಗಳಿದ್ದವು; ಎರಡರಲ್ಲಿ ಸತುವಿನ ತಗಡು, ಎರಡರಲ್ಲಿ ತಾಮ್ರದ್ದು. ಅವುಗಳಿಂದ ಹೊರಟ ತಂತಿಯ ತುದಿಯಲ್ಲಿ ಸಣ್ಣ ಕೆಂಪು ದೀಪ ಉರಿಯುತ್ತಿತ್ತು.

“ಸಾರಿ ಅಂದ್ಬಿಡೇ,” ಎಂದು ಪಕ್ಕದಲ್ಲಿದ್ದ ಅವಳ ಶಾಲೆಯ ಮಹಾಲಕ್ಷ್ಮೀ ಟೀಚರ್ ಪಿಸುಗುಟ್ಟಿದರು. ತೀರ್ಪುಗಾರರು ಆಗಲೇ ಪಕ್ಕದ ಮೇಜಿಗೆ ಹೊರಟಿದ್ದರು.

“ಸಾರ್, ವಾಪಸ್ ಬನ್ನಿ!” ಲಿಖಿತಾಳ ದನಿಗೆ ಇಡೀ ಸಭಾಂಗಣ ತಿರುಗಿ ನೋಡಿತು. “ಸತು ಕರಗ್ತಾ ಎಲೆಕ್ಟ್ರಾನ್ ಬಿಡುತ್ತೆ. ಅದು ತಂತೀಲಿ ಹರಿದು ತಾಮ್ರದ ಕಡೆ ಹೋಗುತ್ತೆ. ಕರೆಂಟು ಅಂದ್ರೆ ಅದೇ. ಲೋಟ ಲೋಟಕ್ಕೆ ಸೇತುವೆ ಹಾಗಿರೋ ಈ ಉಪ್ಪುನೀರಿನ ಬಟ್ಟೆಪಟ್ಟಿ ತೆಗೆದ್ರೆ ದೀಪ ಆರಬೇಕು. ನೀವೇ ತೆಗೀರಿ.”

ಅವರು ಎರಡು ಬೆರಳಲ್ಲಿ ಒಂದು ಪಟ್ಟಿ ಎತ್ತಿದರು. ದೀಪ ಆರಿತು. ಮತ್ತೆ ಇಟ್ಟರು; ಹೊತ್ತಿತು. ಈ ಸಲ ಯಾರೂ ನಗಲಿಲ್ಲ. “ಹೂಂ, ಸರಿ,” ಎಂದು ಗೊಣಗಿ ಅವರು ಮುಂದೆ ಹೆಜ್ಜೆಯಿಟ್ಟರು.

“ಮೋಸ ಅಂದಿದ್ದು ಎಲ್ರೆದುರಿಗೆ ಸಾರ್. ಅಲ್ಲ ಅನ್ನೋದನ್ನೂ ಹಾಗೇ ಹೇಳಿ,” ಎಂದಳು ಲಿಖಿತಾ.

ಮಹಾಲಕ್ಷ್ಮೀ ಟೀಚರ್ ತೀರ್ಪುಗಾರರ ದಾರಿಗೆ ಅಡ್ಡ ಬಂದು ನಿಂತರು. “ನಮ್ಮ ಹುಡುಗಿ ಕಾಯ್ತಿದಾಳೆ ಸರ್,” ಎಂದರು.