ಸುರುಳಿಯ ಕೆಳಗೆ ಎರಡು ಚುಕ್ಕೆ

"ಇದನ್ನ ಓದಿ ಸಹಿ ಮಾಡೀರೇನ್ರಿ, ಫಕೀರಪ್ಪನವರ?"

ಮಂದಾಕಿನಿ ಟೀಚರ್ ಹೋಮ್‌ವರ್ಕ್ ಡೈರಿಯ ಕೆಂಪು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. ಅಪ್ಪನ ಪಕ್ಕದಲ್ಲಿ ನಿಂತಿದ್ದ ಸೌಮ್ಯಾ ಅವನ ಬೆನ್ನ ಹಿಂದಕ್ಕೆ ಸರಿದಳು. ಆ ಸಹಿ ಮಾಡಿದವಳು ಅವಳೇ.

ಆರನೇ ಇಯತ್ತೆಗೆ ಬಂದಾಗಿನಿಂದ ಡೈರಿಗೆ ದಿನಾ ಮನೆಯವರ ಸಹಿ ಬೇಕಾಗಿತ್ತು. ಅವ್ವ ಶಾಲೆಯ ಕಟ್ಟೆ ಹತ್ತಿದವಳಲ್ಲ. ಅಪ್ಪನೋ, ಹುಬ್ಬಳ್ಳಿಯ ಗೋದಾಮಿನಲ್ಲಿ ಹತ್ತಿಯ ಮೂಟೆ ಹೊತ್ತು ಬಂದು ಗೋಡೆಗೆ ಒರಗಿದರೆ ಮುಗಿಯಿತು; ಶನಿವಾರವಂತೂ ಹೆಬ್ಬೆರಳಿಗೆ ನೀಲಿ ಬಣ್ಣ ಬೇರೆ ಮೆತ್ತಿರುತ್ತಿತ್ತು. ಡೈರಿ ಹಿಡಿದು ಹೋದರೆ "ಅಲ್ಲಿಡವ್ವಾ, ಆಮ್ಯಾಲ ನೋಡ್ತೇನಿ" ಎನ್ನುತ್ತಿದ್ದ. ಆ 'ಆಮ್ಯಾಲ' ಬರಲೇ ಇಲ್ಲ. ಎರಡು ದಿನ ವರ್ಗದ ಹೊರಗೆ ನಿಂತ ಸೌಮ್ಯಾ ಮೂರನೆಯ ದಿನ ಅಪ್ಪನಿಗೊಂದು ಸಹಿ ಹುಟ್ಟಿಸಿದಳು. ದೊಡ್ಡವರ ಸಹಿ ಅಂದಮೇಲೆ ಒಂದಿಷ್ಟು ಗತ್ತು ಬೇಡವೇ? ಹೆಸರಿನ ಕೊನೆಗೊಂದು ಸುರುಳಿ, ಸುರುಳಿಯ ಕೆಳಗೆ ಎರಡು ಚುಕ್ಕೆ.

ಮೊದಮೊದಲು ಹೋಮ್‌ವರ್ಕ್ ಮಾಡಿಯೇ ಸಹಿ ಹಾಕುತ್ತಿದ್ದಳು. ಸಹಿ ತನ್ನ ಕೈಯಲ್ಲೇ ಇದೆಯೆಂದು ಗೊತ್ತಾದ ಮೇಲೆ ಹೋಮ್‌ವರ್ಕ್ ಯಾರಿಗೆ ಬೇಕು? ಟೀಚರ್ ಮೂರು ಸಲ ಕೆಂಪು ಶಾಯಿಯಲ್ಲಿ ಬರೆದರು. ಮೂರರ ಕೆಳಗೂ ಅದೇ ಸುರುಳಿ, ಅವೇ ಚುಕ್ಕೆ.

ಆದರೆ ಸುಖವಿರಲಿಲ್ಲ. ಇತ್ತೀಚೆಗೆ ಅಪ್ಪ ದಿನಾ ಸಂಜೆ ಆ ಡೈರಿಯನ್ನೇ ತೆರೆದು ಕೂರುತ್ತಿದ್ದ. ಅವಳು ನೀರು ತುಂಬಿಕೊಂಡು ಬರುವಷ್ಟರಲ್ಲಿ ಮುಚ್ಚಿಡುತ್ತಿದ್ದ. ಒಂದು ಮಾತೂ ಕೇಳುತ್ತಿರಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಒಳಗಿನ ಆ ಕಸಿವಿಸಿಯನ್ನು, ದಿನದಿನಕ್ಕೆ ಮೋಟಾಗುತ್ತಿದ್ದ ಪೆನ್ಸಿಲ್ಲಿನ ನೆಪದಲ್ಲಿ ಅವ್ವನ ಮೇಲೆ ಹಾಕಿದ್ದಳು.

"ರೊಟ್ಟಿ ಬಡದು ಬಡದು ನನಗ ಸಾಕಾಗೇತಿ, ನಿನ್ನ ಪೆನ್ಸಿಲ್ ತಿನ್ನಾಕ ಎಲ್ಲಿ ಪುರಸೊತ್ತು!" ಎಂದಿದ್ದಳು ಅವ್ವ.

ಈಗ ಅಪ್ಪ ಕೆಂಪು ಸಾಲನ್ನು ಬಹಳ ಹೊತ್ತು ನೋಡಿದ. "ಹೂನ್ರಿ. ಸಹಿ ನಂದ ಐತ್ರಿ."

"ಓದಿನೂ ಸುಮ್ಮನ ಕುಂತ್ರೇನು?"

"ತಪ್ಪಾತ್ರಿ. ನಂದ ತಪ್ಪು."

ತನಗಾಗಿ ಅಪ್ಪ ಸುಳ್ಳು ಹೇಳುತ್ತಿದ್ದಾನೆ! ಸೌಮ್ಯಾಳಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಟೀಚರಿಗೆ ನಂಬಿಕೆ ಬರಲಿಲ್ಲ. ಬಿಳಿ ಹಾಳೆಯೊಂದನ್ನು ಮುಂದೆ ಸರಿಸಿದರು.

"ಹಂಗಾದ್ರ ಇಲ್ಲೊಂದು ಮಾಡ್ರಿ, ನೋಡೂಣು."

ಮುಗಿಯಿತು. ಅಪ್ಪ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಹಾರೆ ಹಿಡಿದಂತೆ ಪೆನ್ನು ಹಿಡಿದ. ತುಟಿ ಕಚ್ಚಿ, ನಿಧಾನವಾಗಿ ಬರೆದ. ಟೀಚರ್ ಹಾಳೆಯನ್ನು ಡೈರಿಯ ಪಕ್ಕಕ್ಕಿಟ್ಟು ನೋಡಿದರು. ಅದೇ ಹೆಸರು, ಅದೇ ಸುರುಳಿ. ಕೆಳಗೆ ಎರಡು ಚುಕ್ಕೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು ಟೀಚರ್, ತಾವೇ ತಪ್ಪು ಮಾಡಿದವರಂತೆ. "ಇನ್ನ ಮ್ಯಾಲ ನಾ ಬರದಿದ್ದರ ಕಡೆ ಸ್ವಲ್ಪ ಲಕ್ಷ್ಯ ಕೊಡ್ರಿ."

ಶಾಲೆಯ ಗೇಟು ದಾಟುವವರೆಗೂ ತಡೆದ ಅಳು ಅಲ್ಲಿ ಒಡೆಯಿತು. "ಅಪ್ಪಾ, ಅದು ನಿನ್ನ ಸಹಿ ಅಲ್ಲ. ನಾನ ಹುಟ್ಟಿಸಿದ್ದು."

"ಗೊತ್ತೈತಿ ಬಿಡು." ಅಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. ಅವನ ಮುಖ ಅವಳಿಗಿಂತ ಹೆಚ್ಚು ಸಪ್ಪಗಾಗಿತ್ತು. "ನೀ ಹಾಕಿದ್ದನ್ನ ನೋಡಿ ದಿನಾ ತಿದ್ದಿ ಕಲ್ತೇನಿ, ನಿನ್ನ ಪೆನ್ಸಿಲ್ ತಗೊಂಡು. ಮೊನ್ನೆ ಶನಿವಾರ ಪಗಾರ ಕೊಡುವಾಗ ಗೋದಾಮಿನ್ಯಾಗ ಇಂಕಿನ ಪ್ಯಾಡ್ ಮುಂದ ಮಾಡಿದ್ರು. ಹೆಬ್ಬಟ್ಟು ಬ್ಯಾಡ್ರಿ, ಪೆನ್ ಕೊಡ್ರಿ ಅಂದೆ."

ಆಮೇಲೆ ಅಪ್ಪ ಡೈರಿ ಬಿಚ್ಚಿ ಅವಳ ಮುಂದೆ ಹಿಡಿದ: "ಇಲ್ಲಿ ಕೆಂಪು ಅಕ್ಷರದಾಗ ನಿಮ್ಮ ಟೀಚರ್ ಏನ ಬರದಾರ, ಅದೊಂದಿಷ್ಟು ಓದಿ ಹೇಳವ್ವಾ."